ಎರಡು ಬೆರಳಿನ ಜಾಗ

ಗಾಜಿನ ದೀಪಗಳ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಎಲ್ಲರೂ ಅವನನ್ನು ಬಿಗಿಯಪ್ಪ ಅಂತಲೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದೊಳಗೆ ಹಾಯಾಗಿ ಮಲಗಿತ್ತು. ಹೂವಿನ ಎಸಳಿನಷ್ಟು ತೆಳುವಾದ ದೀಪದ ಶೇಡೊಂದು ಅವನ ಮೇಜಿಗೆ ಬಂತೆಂದರೆ ಮೊದಲು ಕಾಗದ ಒಂದು ಸುತ್ತು, ಬಬಲ್ ಶೀಟು ಎರಡು ಸುತ್ತು, ಸಂದಿಗಳಿಗೆಲ್ಲ ಕಾಗದದ ಉಂಡೆ, ಮೇಲೆ ರಟ್ಟು, ಅದರ ಮೇಲೆ ಟೇಪು. ಆಮೇಲೆ ಡಬ್ಬವನ್ನು ಕಿವಿಗೆ ಹಿಡಿದು ಒಂದೇ ಒಂದು ಸಲ ಅಲ್ಲಾಡಿಸುವನು. ಒಳಗಿಂದ ಸದ್ದು ಬಂದರೆ ಎಲ್ಲ ಬಿಚ್ಚಿ ಮೊದಲಿನಿಂದ. ಬರದಿದ್ದರೆ ಡಬ್ಬದ ತಲೆ ಸವರಿ ಪಕ್ಕಕ್ಕೆ.

“ಒಳಗಿರೋದು ಮಿಸುಕಬಾರದು ಕಣ್ರಪ್ಪಾ. ಮಿಸುಕಿದ್ರೆ ಕಥೆ ಮುಗೀತು,” ಅನ್ನುವುದು ಅವನ ಪಾಠ. ಕೇಳುವವರು ಯಾರೂ ಇರಲಿಲ್ಲ, ಅದು ಬೇರೆ ಮಾತು.

ಒಂಬತ್ತು ವರ್ಷದಲ್ಲಿ ಅವನು ಕಟ್ಟಿದ ಒಂದು ಡಬ್ಬವೂ ಒಡೆದು ವಾಪಸು ಬಂದಿರಲಿಲ್ಲ. ಅದನ್ನು ಬಿಟ್ಟರೆ ಹೇಳಿಕೊಳ್ಳುವಂಥದ್ದು ಅವನ ಹತ್ತಿರ ಏನೂ ಇರಲಿಲ್ಲ. ಮೊಳೆ ಹೊಡೆಯಲು ಹೋದರೆ ಹೆಬ್ಬೆರಳು ಊದಿಸಿಕೊಂಡು ಬರುತ್ತಿದ್ದ. ಅವನು ಇಟ್ಟ ಚಹಾ ಕುಡಿದವರು ಎರಡನೇ ಸಲ ಅವನನ್ನು ಒಲೆಯ ಹತ್ತಿರ ಬಿಡುತ್ತಿರಲಿಲ್ಲ. ಇದನ್ನೆಲ್ಲ ಅವನೇ ಮುಂಚಿತವಾಗಿ ಹೇಳಿಬಿಡುತ್ತಿದ್ದ. ಕಂಡುಹಿಡಿಯುವ ಶ್ರಮ ಬೇರೆಯವರಿಗೆ ಯಾಕೆ ಅಂತ. “ದೇವರು ನನಗೆ ಕೊಟ್ಟಿರೋದು ಎರಡೇ ಕೈ, ಅವೆರಡೂ ಸುತ್ತೋ ಕೈ,” ಅನ್ನುತ್ತಿದ್ದ.

ಆ ಕೈಗಳಿಗೆ ಒಂದು ದಿನ ಮಗಳು ಬಂದಳು.

ಆಸ್ಪತ್ರೆಯ ಉದ್ದನೆಯ ವಾರ್ಡಿನ ಕೊನೆಯ ಮಂಚ. ಬೆಳಗಿನ ಬಿಸಿಲು ಕಿಟಕಿಯ ಹಸಿರು ಪರದೆ ದಾಟಿ ಒಳಗೆ ಬರುವಷ್ಟರಲ್ಲಿ ಕೆರೆಯ ತಳದ ಬೆಳಕಿನಂತೆ ಆಗಿಬಿಡುತ್ತಿತ್ತು. ಆ ಬೆಳಕಿನಲ್ಲಿ ಎಲ್ಲವೂ ತೇಲುತ್ತಿರುವಂತೆ ಕಾಣುತ್ತಿತ್ತು: ಮಂಚಗಳು, ಸ್ಟೀಲಿನ ಬೇಸಿನ್ನುಗಳು, ಚಪ್ಪಲಿ ಸದ್ದಿಲ್ಲದೆ ಓಡಾಡುವ ಸಿಸ್ಟರುಗಳು. ಮಗು ಮಾತ್ರ ಇನ್ನೂ ಆ ನೀರಿಗೆ ಸೇರಿದ್ದೋ ಈ ನೆಲಕ್ಕೆ ಸೇರಿದ್ದೋ ತೀರ್ಮಾನವಾಗದೆ, ನಿದ್ದೆಯಲ್ಲಿ ಇದ್ದಕ್ಕಿದ್ದಂತೆ ಎರಡೂ ಕೈ ಚೆಲ್ಲಿ ಬೆಚ್ಚಿಬೀಳುತ್ತಿತ್ತು. ಎಲ್ಲಿಂದಲೋ ಜಾರಿದಂತೆ, ಹಿಡಿದುಕೊಳ್ಳಲು ಕೊಂಬೆ ಹುಡುಕಿದಂತೆ. ಆಮೇಲೆ ಅಳು.

ಮೂರನೇ ದಿನ ಅವನಿಗೆ ನೋಡುತ್ತ ಕೂರಲು ಆಗಲಿಲ್ಲ. ಹತ್ತಿ ಬಟ್ಟೆಯೊಂದನ್ನು ಮಂಚದ ತುದಿಯಲ್ಲಿ ಹಾಸಿ, ಮಗುವನ್ನು ನಡುವೆ ಮಲಗಿಸಿ, ಕೈ ಎರಡೂ ಪಕ್ಕಕ್ಕೆ ಇಟ್ಟು, ಕಾಲೆರಡನ್ನೂ ನೆಟ್ಟಗೆ ಎಳೆದು ಜೋಡಿಸಿ, ಎಡಕ್ಕೊಂದು ಬಲಕ್ಕೊಂದು ಸುತ್ತು ಹಾಕಿ, ತುದಿಯನ್ನು ಕೆಳಗೆ ಸಿಕ್ಕಿಸಿದ. ಒಂದು ಮಡಿಕೆ ಹೆಚ್ಚಿಲ್ಲ, ಕಮ್ಮಿಯಿಲ್ಲ. ಮಗು ಸುಮ್ಮನಾಯಿತು. ಅವನು ಬಗ್ಗಿ ಕಿವಿ ಇಟ್ಟು ಕೇಳಿದ. ಅಲ್ಲಾಡಿಸಲಿಲ್ಲ, ಅಷ್ಟು ಬುದ್ಧಿ ಆ ಹೊತ್ತಿಗೆ ಉಳಿದಿತ್ತು.

“ಅಯ್ಯೋ, ಮಲಗೇಬಿಡ್ತಲ್ಲ!” ಅಂದರು ಅತ್ತೆ. ಮದುವೆಯಾದ ನಾಲ್ಕು ವರ್ಷದಲ್ಲಿ ಅವರು ಅಳಿಯನ ಯಾವ ಕೆಲಸವನ್ನೂ ಮೆಚ್ಚಿದ್ದಿಲ್ಲ. “ಪರವಾಗಿಲ್ಲ ಕಣಪ್ಪ, ಒಂದಕ್ಕಾದ್ರೂ ಬಂದೆ.”

ಹೆಂಡತಿ ದಿಂಬಿಗೆ ಒರಗಿ ಅರ್ಧ ಕಣ್ಣು ತೆರೆದಳು. ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಆರು ವರ್ಷ ಕೂತವಳು. ಕೇಳಿದ್ದಕ್ಕೆ ಎಷ್ಟು ಬೇಕೋ ಅಷ್ಟೇ ಉತ್ತರ, ಎರಡನೇ ಸಲ ಹೇಳುವ ಪದ್ಧತಿ ಇಲ್ಲ. “ವಿಳಾಸ ಒಂದು ಬರೀರಿ. ಅಂಚೆಗೆ ಹಾಕಬಹುದು,” ಅಂದು ಮತ್ತೆ ಕಣ್ಣು ಮುಚ್ಚಿದಳು.

ಅವನಿಗೆ ಅದು ಪದಕ ಸಿಕ್ಕಂತಾಯಿತು.

ಮನೆಗೆ ಬಂದ ಮೇಲೆ ಅದೇ ದಿನಚರಿಯಾಯಿತು. ಬೆಳಗ್ಗೆ ಪಾಳಿಗೆ ಹೊರಡುವ ಮುಂಚೆ ಒಂದು ಸುತ್ತು, ಮಧ್ಯಾಹ್ನ ಮೂರಕ್ಕೆ ಮನೆ ಸೇರಿ ಕೈ ತೊಳೆದ ತಕ್ಷಣ ಇನ್ನೊಂದು ಸುತ್ತು. ಪಕ್ಕದ ಮನೆಯವರು ನೋಡಲು ಬಂದರು. ಮೇಲಿನ ಮಹಡಿಯ ಅಜ್ಜಿ ಬಾಗಿಲಲ್ಲೇ ನಿಂತು “ಈ ಮಗು ಅಳೋದೇ ಇಲ್ವಾ?” ಅಂತ ಅನುಮಾನದಿಂದ ಕೇಳಿದರು. ಎರಡು ಕೋಣೆಯ ಮನೆ ತಣ್ಣಗೆ ನಿದ್ದೆ ಮಾಡಿತು. ಫ್ಯಾನು ನಿಧಾನ ತಿರುಗುವುದು, ತಂತಿಯ ಮೇಲಿನ ಬಟ್ಟೆಗಳ ನೆರಳು ಗೋಡೆಯ ಮೇಲೆ ಈಜುವುದು, ನಡುವೆ ಬಿಳಿ ಗಂಟೊಂದು ಉಸಿರಾಡುವುದು. ತಾನು ಅಪ್ಪನಾಗಲೆಂದೇ ಹುಟ್ಟಿದವನು, ಅದು ತಿಳಿಯದೆ ಇಷ್ಟು ದಿನ ದೀಪದ ಶೇಡುಗಳ ಮೇಲೆ ಅಭ್ಯಾಸ ಮಾಡಿದೆ ಅಂತ ಅವನಿಗೆ ಅನ್ನಿಸತೊಡಗಿತು. ಮನುಷ್ಯನಿಗೆ ಹೀಗೆಲ್ಲ ಅನ್ನಿಸುವುದು ಬೀಳುವ ಮುಂಚಿನ ಮೆಟ್ಟಿಲಲ್ಲಿ.

ಎರಡು ವಾರ ತುಂಬಿದ ದಿನ ಮಗುವನ್ನು ತೂಕಕ್ಕೆ ಕರೆದುಕೊಂಡು ಹೋದರು. ಚಿಕಿತ್ಸಾಲಯದ ತೂಕದ ಸಿಸ್ಟರ್ ದೊಡ್ಡ ಮೈಯವರು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡವರು. ಗಂಟನ್ನು ಮೇಜಿನ ಮೇಲೆ ಇಟ್ಟುಕೊಂಡು ಅದರ ಸುತ್ತ ಒಂದು ಸಲ ಕಣ್ಣಾಡಿಸಿದರು.

“ಯಾರು ಸುತ್ತಿದ್ದು?”

“ನಾನೇ ಸಿಸ್ಟರ್,” ಅಂದ. ಎದೆ ತಾನಾಗಿಯೇ ಒಂದಿಂಚು ಮುಂದೆ ಬಂತು.

“ಕೆಲಸ ಏನಪ್ಪ?”

“ಪ್ಯಾಕಿಂಗು. ಗಾಜಿನ ಸಾಮಾನು.”

“ಅಂದ್ಕೊಂಡೆ.”

“ನೋಡಿದ ತಕ್ಷಣ ಗೊತ್ತಾಯ್ತಾ ಸಿಸ್ಟರ್?” ಹೊಗಳಿಕೆಗೆ ಅವನು ಆಗಲೇ ಮುಖ ಅರಳಿಸಿಕೊಂಡಿದ್ದ.

ಸಿಸ್ಟರ್ ಬಟ್ಟೆ ಬಿಚ್ಚಿದರು. ಮಗುವಿನ ಮೊಣಕಾಲು ಎರಡನ್ನೂ ಮಡಿಸಿ, ತೊಡೆಗಳನ್ನು ಮೆಲ್ಲಗೆ ಹೊರಕ್ಕೆ ತೆರೆದರು. ಬಲಗಡೆ ಸರಾಗ. ಎಡಗಡೆ ಅವರ ಬೆರಳು ನಿಂತಿತು. ಇನ್ನೊಮ್ಮೆ ಮಾಡಿ ನೋಡಿದರು. ಒಳಗೆ ಹೋಗಿ ಡಾಕ್ಟರನ್ನು ಕರೆದುಕೊಂಡು ಬಂದರು. ಡಾಕ್ಟರೂ ಮಾಡಿ ನೋಡಿದರು.

“ಎಡಗಡೆ ಸೊಂಟದ ಕೀಲು ಸ್ವಲ್ಪ ಸಡಿಲ ಇದೆ,” ಅಂದರು ಡಾಕ್ಟರ್. “ತೊಡೆ ಮೂಳೆಯ ಗುಂಡು ತನ್ನ ಬಟ್ಟಲಲ್ಲಿ ಕೂತ್ಕೋಬೇಕು. ಇದು ಕೂತಿದೆ, ಆದರೆ ಜಾರುತ್ತೆ. ಹುಟ್ಟಿದಾಗ ಎಷ್ಟೋ ಮಕ್ಕಳಿಗೆ ಹೀಗಿರುತ್ತೆ, ಬಹಳ ಜನರಿಗೆ ತಾನಾಗೇ ಸರಿಹೋಗುತ್ತೆ. ಕಾಲು ಮಡಿಸಿ ಅಗಲಿಸಿಕೊಂಡು ಆಡೋಕೆ ಬಿಟ್ಟರೆ. ನೆಟ್ಟಗೆ ಎಳೆದು ಕಟ್ಟಿಟ್ಟರೆ ಸರಿಹೋಗೋಕೆ ದಾರಿ ಸಿಗಲ್ಲ. ಐದು ವಾರ ಬಿಟ್ಟು ಬನ್ನಿ, ಸ್ಕ್ಯಾನ್ ಮಾಡಿ ನೋಡೋಣ.”

“ಅಷ್ಟರಲ್ಲಿ ಸರಿಹೋಗದಿದ್ರೆ?” ಕೇಳಿದ್ದು ಹೆಂಡತಿ.

“ಕಾಲು ಮಡಚಿ ಅಗಲಿಸಿ ಹಿಡಿಯೋ ಪಟ್ಟಿ ಹಾಕಬೇಕಾಗುತ್ತೆ. ಕೆಲವು ತಿಂಗಳು, ಹಗಲೂ ರಾತ್ರಿ. ಅದರಲ್ಲೂ ಆಗದಿದ್ದರೆ ಮುಂದಿನದು ಆಮೇಲೆ ಮಾತಾಡೋಣ.”

ಅವನು ತನ್ನ ಕೈಗಳನ್ನು ನೋಡಿಕೊಂಡ. ಇಷ್ಟು ದಿನ ಯಾರದೋ ಕೈಗಳನ್ನು ತನ್ನದೆಂದು ಹಾಕಿಕೊಂಡು ತಿರುಗುತ್ತಿದ್ದಂತಿತ್ತು. “ನಾನು ಸುತ್ತಿದ್ದಕ್ಕೇ ಹೀಗಾಯ್ತಾ ಡಾಕ್ಟ್ರೇ?”

“ಹಾಗೆ ಹೇಳೋಕಾಗಲ್ಲ. ಮೊದಲೇ ಇದ್ದಿರಬಹುದು. ಆದರೆ ಒಳ್ಳೇದಂತೂ ಮಾಡಿಲ್ಲ.” ಅಷ್ಟು ಹೇಳಿ ಡಾಕ್ಟರ್ ಮುಂದಿನ ಮಗುವಿನ ಕಡೆ ಹೋದರು. ನೇರ ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ತೂಕದ ಸಿಸ್ಟರ್ ಅವನನ್ನು ಹೋಗಲು ಬಿಡಲಿಲ್ಲ. “ಮುಖ ಯಾಕೆ ಹಾಗೆ ಮಾಡ್ಕೊಂಡಿದೀಯ? ಬಾ ಇಲ್ಲಿ. ಸುತ್ತಲೇಬಾರದು ಅಂತಲ್ಲ. ಸುತ್ತೋದು ಹೇಗೆ ಅಂತ ಕಲಿ.”

ಬಟ್ಟೆಯ ಒಂದು ಮೂಲೆ ಮೇಲೆ ಬರುವಂತೆ ಹಾಸಿ ಆ ಮೂಲೆಯನ್ನು ಮಡಿಸಿದರು. ಮಡಿಕೆಯ ಗೆರೆಗೆ ಭುಜ ಬರುವಂತೆ ಮಗುವನ್ನು ಅಂಗಾತ ಮಲಗಿಸಿದರು. “ಯಾವಾಗ್ಲೂ ಅಂಗಾತ. ಬೋರಲು ಇಲ್ಲ, ಮಗ್ಗುಲು ಇಲ್ಲ. ಬಟ್ಟೆ ಭುಜದ ಕೆಳಗೇ ನಿಲ್ಲಬೇಕು, ಗಲ್ಲಕ್ಕೆ ಏರಬಾರದು. ತೆಳು ಬಟ್ಟೆ, ಒಂದೇ ಪದರ. ಬೆಚ್ಚಗಿರಲಿ ಅಂತ ಕಂಬಳಿ ಹೊದಿಸಿ ಮಗೂನ ಬೇಯಿಸಬೇಡ. ಕತ್ತಿನ ಹಿಂದೆ ಕೈಯಿಟ್ಟು ನೋಡು, ಬೆವರಿದ್ರೆ ಹೆಚ್ಚಾಯ್ತು ಅಂತ.” ಎರಡೂ ಬದಿಯ ಅಂಚುಗಳನ್ನು ಒಂದೊಂದಾಗಿ ಎದೆಯ ಮೇಲಿಂದ ತಂದು ಸಿಕ್ಕಿಸಿದರು. ಕಾಲಿನ ಕಡೆಯದನ್ನು ಸುಮ್ಮನೆ ಮೇಲಕ್ಕೆ ಮಡಿಸಿ ಬಿಟ್ಟರು. ಒಳಗೆ ಕಾಲು ಎರಡೂ ಕಪ್ಪೆಯ ಕಾಲಿನಂತೆ ಮಡಚಿ ಅಗಲವಾಗಿ ಬಿದ್ದುಕೊಂಡವು. “ಎದೆ ಹತ್ತಿರ ಎರಡು ಬೆರಳು ಹೋಗಬೇಕು. ಸೊಂಟದಿಂದ ಕೆಳಗೆ ಇಡೀ ಕೈ ಆಡಬೇಕು. ಈಗ ನೀನು ಮಾಡು.”

ಅತ್ತೆ ಇಣುಕಿದರು. “ಎರಡು ಬೆರಳು ಅಂದ್ರಲ್ಲ, ನಿಮ್ಮ ಬೆರಳೋ ನನ್ನ ಬೆರಳೋ? ನಿಮ್ಮ ಎರಡು ಅಂದ್ರೆ ನನ್ನದು ಮೂರಾಗುತ್ತೆ.”

“ಯಾರು ಸುತ್ತುತ್ತಾರೋ ಅವರದ್ದು ಅಮ್ಮಾ,” ಸಿಸ್ಟರ್ ನಕ್ಕರು. ಅವನಿಗೆ ನಗು ಬರಲಿಲ್ಲ. ಮೂರು ಸಲ ಸುತ್ತಿದ. ಮೂರು ಸಲವೂ ಕೊನೆಯ ಕ್ಷಣದಲ್ಲಿ ಕೈ ತಾನಾಗಿಯೇ ಅಂಚನ್ನು ಒಂದಿಷ್ಟು ಎಳೆಯಿತು. ಸಿಸ್ಟರ್ ಮೂರು ಸಲವೂ ಆ ಕೈಯ ಮೇಲೆ ಫಟ್ ಅಂತ ಒಂದು ಕೊಟ್ಟರು.

ಆಮೇಲಿನ ವಾರಗಳು ಅವನಿಗೆ ಒಂದು ಉದ್ದನೆಯ ಮಧ್ಯಾಹ್ನದಂತೆ ಕಂಡವು. ಸಡಿಲ ಬಟ್ಟೆಯಲ್ಲಿ ಮಗು ಮೊದಲಿನ ಹಾಗೆ ಮಲಗಲಿಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಕಾಲು ಝಾಡಿಸಿ, ತನ್ನ ಕಾಲಿಗೆ ತಾನೇ ಎಚ್ಚರಾಗಿ ಕೂಗುತ್ತಿತ್ತು. ಮೇಲಿನ ಮಹಡಿಯ ಅಜ್ಜಿಯ ಅನುಮಾನ ಪರಿಹಾರವಾಯಿತು. ಮನೆಯಲ್ಲಿ ಮೂರು ಜನ ದೊಡ್ಡವರು ಪಾಳಿ ಹಾಕಿಕೊಂಡು ನಿದ್ದೆ ಮಾಡಿದರು. ಎಚ್ಚರಿದ್ದವರು ಎಚ್ಚರಿದ್ದೇವೆಂದು ಪೂರ್ತಿ ನಂಬಿರಲಿಲ್ಲ. ಅವನು ಚಹಾ ಲೋಟ ಹುಡುಕುತ್ತ ಅದೇ ಲೋಟದಲ್ಲಿ ಚಹಾ ಕುಡಿಯುತ್ತಿದ್ದ. ಬಸ್ಸಿನಲ್ಲಿ ನಿಂತೇ ಕನಸು ಕಂಡು, ತನ್ನ ನಿಲ್ದಾಣ ದಾಟಿ, ಎರಡು ನಿಲ್ದಾಣದಷ್ಟು ದೂರ ನಡೆದು ಬರುತ್ತಿದ್ದ.

“ನನ್ನ ಮೂರು ಮಕ್ಕಳನ್ನೂ ಗಟ್ಟಿಯಾಗೇ ಸುತ್ತಿದ್ದು ನಾನು. ಒಬ್ಬರಾದ್ರೂ ಕುಂಟಿದ್ರಾ?” ಅತ್ತೆ ತೊಟ್ಟಿಲ ಪಕ್ಕ ನಿಂತು ಗೊಣಗುವರು.

“ಅಮ್ಮ, ಅವಳ ಕೀಲು ಸಡಿಲ ಅಂತ ಹೇಳಿದಾರೆ. ನಮ್ಮದು ಇರಲಿಲ್ಲ,” ಹೆಂಡತಿ ಒಂದು ಸಲ ಹೇಳಿದಳು. ಎರಡನೇ ಸಲ ಹೇಳಲಿಲ್ಲ.

ಅತ್ತೆ ಮರುದಿನ ತಮ್ಮ ಹಳೇ ಸೀರೆಯೊಂದನ್ನು ಕತ್ತರಿಸಿ, ಕೆಳಭಾಗ ಚೀಲದಂತೆ ಅಗಲವಿರುವ ಬಟ್ಟೆಯೊಂದನ್ನು ಹೊಲಿಗೆ ಹಾಕಿ ತಂದರು. “ತಗೋ. ಕಾಲಿಗೊಂದು ಮೈದಾನ ಮಾಡಿದೀನಿ. ನಿನ್ನ ಮಗಳು ಒಳಗೆ ಓಡಲಿ, ಕುಣಿಯಲಿ,” ಅಂದರು. ಬಟ್ಟೆಯೊಳಗೆ ಮಗುವಿನ ಕಾಲು ಹರಿದಾಡುವುದನ್ನು ಅವನು ಗಂಟೆಗಟ್ಟಲೆ ನೋಡುತ್ತ ಕೂತ. ತೆಳು ಬಟ್ಟೆಯ ಕೆಳಗೆ ಮೊಣಕಾಲೊಂದು ಎದ್ದು, ಸರಿದು, ಮುಳುಗುವುದು. ದಡದಲ್ಲಿ ಕೂತವನಿಗೆ ಮೀನಿನ ಬೆನ್ನು ಕಂಡ ಹಾಗೆ. ಯಾವುದು ಎಡ, ಯಾವುದು ಬಲ ಅಂತ ಅವನ ಕಣ್ಣು ಹುಡುಕುತ್ತಿತ್ತು. ಎಡಗಾಲು ಸ್ವಲ್ಪ ಕಡಿಮೆ ಆಡುತ್ತಿದೆಯೋ? ನಿನ್ನೆಗಿಂತ ಇವತ್ತು ಹೆಚ್ಚೋ? ನೋಡುತ್ತ ನೋಡುತ್ತ ಅವನ ಕಣ್ಣೇ ಮುಚ್ಚಿ, ಕನಸಿನೊಳಗೂ ಅದೇ ಕಾಲು ಈಜುತ್ತಿತ್ತು.

ಕೈಗೆ ಕಲಿಸುವುದು ದೊಡ್ಡ ಕೆಲಸವಾಯಿತು. ಒಂಬತ್ತು ವರ್ಷ ಸಂದಿ ಮುಚ್ಚಿದ ಕೈಗೆ ಈಗ ಸಂದಿ ಬಿಡು ಅಂದರೆ ಅದು ಎಲ್ಲಿ ಕೇಳುತ್ತದೆ? ಎದೆಯ ಹತ್ತಿರ ಎರಡು ಬೆರಳು ತೂರಿಸಿ, ಬೆರಳು ಅಲ್ಲಿರುವಾಗಲೇ ಅಂಚು ಸಿಕ್ಕಿಸಿ, ಆಮೇಲೆ ಬೆರಳು ಹೊರಗೆಳೆಯುವ ಉಪಾಯ ಮಾಡಿಕೊಂಡ. ಬಸ್ಸಿನಲ್ಲಿ ಮಡಿಲ ಮೇಲಿನ ಊಟದ ಡಬ್ಬಕ್ಕೆ ಕರವಸ್ತ್ರ ಸುತ್ತಿ ಅಭ್ಯಾಸ ಮಾಡಿದ. ಪಕ್ಕದ ಸೀಟಿನ ಹೆಂಗಸು ಡಬ್ಬವನ್ನೂ ಅವನನ್ನೂ ನೋಡಿ ಕಿಟಕಿ ಕಡೆ ಸರಿದು ಕೂತಳು.

ಮೂರನೇ ವಾರದಲ್ಲಿ ಒಂದು ಡಬ್ಬ ಒಡೆದು ವಾಪಸು ಬಂತು.

ಮೇಸ್ತ್ರಿ ಅದನ್ನು ಅವನ ಮೇಜಿನ ಮೇಲೆ ಇಟ್ಟು, ಒಮ್ಮೆ ಅಲ್ಲಾಡಿಸಿದರು. ಒಳಗೆ ಗೆಜ್ಜೆ ಕಟ್ಟಿಕೊಂಡು ಯಾರೋ ಓಡಿದಂತಾಯಿತು. ಪ್ಯಾಕಿಂಗ್ ವಿಭಾಗದ ಹನ್ನೊಂದು ಜನರೂ ಕೆಲಸ ನಿಲ್ಲಿಸಿದರು.

“ಇದೇನು ಬಿಗಿಯಪ್ಪ?”

ಅವನು ಡಬ್ಬ ತೆರೆದ. ಸುತ್ತು ಅವನದೇ, ಟೇಪಿನ ಮಡಿಕೆ ಅವನದೇ. ಕಾಗದಕ್ಕೂ ಗಾಜಿಗೂ ನಡುವೆ ಮಾತ್ರ ಸಣ್ಣದೊಂದು ಜಾಗ. ಅವನಿಗೆ ತಕ್ಷಣ ತಿಳಿಯಿತು. “ಎರಡು ಬೆರಳು ಬಿಟ್ಟಿದೀನಿ ಸಾರ್,” ಅಂದ ಮೆಲ್ಲಗೆ.

“ಯಾಕೆ? ಉಸಿರಾಡಲಿ ಅಂತಾನಾ?”

ಇಡೀ ವಿಭಾಗ ಗೊಳ್ಳೆಂದಿತು. ಟೇಪು ಕತ್ತರಿಸುವ, ಎಲ್ಲರೂ ಸೋದರತ್ತೆ ಅಂತ ಕರೆಯುವ ಹೆಂಗಸು ಮೇಜಿಗೆ ತಲೆಯಿಟ್ಟು ನಕ್ಕರು. “ಬಿಡಿ ಸಾರ್, ಬಾಣಂತಿ ಅವನು,” ಅಂದರು. ಮೇಸ್ತ್ರಿ ಮೀಸೆಯಲ್ಲಿ ನಗು ತಡೆದುಕೊಂಡು, ಇನ್ನು ಒಂದು ವಾರ ಅವನು ದೀಪಗಳ ಸ್ಟೀಲ್ ಹಿಡಿಕೆಗಳನ್ನು ಮಾತ್ರ ಕಟ್ಟಲಿ, ಅವು ಬಿದ್ದರೂ ನೆಲಕ್ಕೇ ಪೆಟ್ಟು ಅಂತ ತೀರ್ಪು ಕೊಟ್ಟರು. ಒಂಬತ್ತು ವರ್ಷದ ಹೆಸರು ಒಂದು ಶೇಡಿನ ಜೊತೆ ಚೂರಾಯಿತು. ವಿಚಿತ್ರವೆಂದರೆ ಅವನಿಗೆ ಒಳಗೊಳಗೇ ಖುಷಿಯಾಗಿತ್ತು. ಕೈ ಕಲಿಯುತ್ತಿದೆ ಅನ್ನುವುದಕ್ಕೆ ಇಷ್ಟು ಒಳ್ಳೆಯ ಸಾಕ್ಷಿ ಬೇರೆ ಎಲ್ಲಿ ಸಿಗಬೇಕು?

ಆ ಖುಷಿ ಐದು ದಿನ ಬಾಳಿತು.

ಆರನೇ ದಿನ ಮಧ್ಯಾಹ್ನ ಹೆಂಡತಿ ರಜೆ ಮುಂದುವರಿಸುವ ಅರ್ಜಿ ಕೊಡಲು ನಿಲ್ದಾಣದ ಕಚೇರಿಗೆ ಹೋಗಿದ್ದಳು. ಅತ್ತೆ ಒಳಕೋಣೆಯಲ್ಲಿ ಗೊರಕೆಯ ಆಳದಲ್ಲಿದ್ದರು. ಮಗು ಅಳುತ್ತಿತ್ತು. ಹಾಲು ಕುಡಿದಾಗಿತ್ತು, ಬಟ್ಟೆ ಬದಲಾಗಿತ್ತು, ಎತ್ತಿಕೊಂಡು ಗೋಡೆಯಿಂದ ಗೋಡೆಗೆ ನಲವತ್ತು ಸಲ ನಡೆದಾಗಿತ್ತು. ಇಳಿಸಿದರೆ ಕೈ ಚೆಲ್ಲಿ ಬೆಚ್ಚುವುದು, ಮತ್ತೆ ಅಳು. ಹೊರಗೆ ಬಿಸಿಲು ಬಿಳಿಯಾಗಿ ನಿಂತಿತ್ತು. ಅಳು ದೂರ ದೂರ ಹೋಗಿ, ಪಕ್ಕದ ಬೀದಿಯಲ್ಲಿ ಯಾರೋ ಅಳುತ್ತಿದ್ದಾರೆ ಅನ್ನಿಸಿತು. ಅಯ್ಯೋ ಪಾಪ, ಯಾರಾದರೂ ನೋಡಬಾರದೇ ಅಂದುಕೊಂಡ. ಅವನ ಕೈಗಳು ನೋಡಿದವು. ಬಟ್ಟೆ ಹಾಸಿದವು, ಕಾಲೆರಡನ್ನೂ ಎಳೆದು ಜೋಡಿಸಿದವು, ಎಡಕ್ಕೊಂದು, ಬಲಕ್ಕೊಂದು. ಎಷ್ಟು ಸಲೀಸು! ಬಹಳ ದಿನದ ಮೇಲೆ ಮನೆಗೆ ಬಂದವರಂತೆ ಕೈಗಳು ತಮ್ಮ ಕೆಲಸ ಮುಗಿಸಿದವು. ಮನೆ ನಿಶ್ಶಬ್ದವಾಯಿತು.

ಅವನು ತೊಟ್ಟಿಲ ಪಕ್ಕದ ನೆಲದ ಮೇಲೆ ಹಾಗೇ ಒರಗಿದ. ಕನಸಿನಲ್ಲಿ ಕಾರ್ಖಾನೆಯ ಗೋದಾಮು, ಚಾವಣಿ ಕಾಣದಷ್ಟು ಎತ್ತರದ ಕಪಾಟುಗಳು, ಸಾವಿರ ಡಬ್ಬಗಳು. ಎಲ್ಲವೂ ಮೆಲ್ಲಗೆ ಉಬ್ಬಿ ಇಳಿಯುತ್ತಿದ್ದವು. ಅವನು ಒಂದೊಂದಕ್ಕೇ ಕಿವಿಯಿಟ್ಟು ಹೋಗುತ್ತಿದ್ದ. ಎಲ್ಲದರೊಳಗೂ ಏನೋ ಆಡುವ ಸದ್ದು, ನೀರು ತುಳುಕುವ ಸದ್ದು. ಒಂದರಲ್ಲಿ ಮಾತ್ರ ಏನೂ ಇಲ್ಲ. ಅದರ ಮೇಲೆ ಟೇಪಿನ ಮಡಿಕೆ ಬಹಳ ಅಚ್ಚುಕಟ್ಟಾಗಿತ್ತು.

ಎದ್ದು ಕೂತಾಗ ಬೆನ್ನೆಲ್ಲ ಬೆವರು. ಗಡಿಯಾರ ಒಂದೂವರೆ ಗಂಟೆ ಮುಂದೆ ಹೋಗಿತ್ತು. ಮಗು ಕೆಂಪು ಮುಖ ಮಾಡಿಕೊಂಡು ಗಾಢ ನಿದ್ದೆಯಲ್ಲಿತ್ತು. ಬಟ್ಟೆ ಬಿಚ್ಚಿದ. ಕಾಲುಗಳು ನೆಟ್ಟಗೆ, ಪಕ್ಕಪಕ್ಕ, ಹಾಗೇ ಬಿದ್ದಿದ್ದವು. ಒಂದು ಕ್ಷಣ, ಎರಡು ಕ್ಷಣ. ಆಮೇಲೆ ಬಲಗಾಲು ಮಡಚಿಕೊಂಡಿತು. ಅವನು ಕಾದ. ಬಹಳ ಹೊತ್ತಿನ ಮೇಲೆ, ಸೋಮಾರಿಯ ಹಾಗೆ, ಎಡಗಾಲೂ ಮೇಲಕ್ಕೆ ಬಂದು ಹೊರಕ್ಕೆ ವಾಲಿತು.

ಹೆಂಡತಿ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದ. “ಇವತ್ತು ಹಳೇ ಥರ ಸುತ್ತಿಬಿಟ್ಟೆ.”

ಅವಳು ಬಾಗಿಲಲ್ಲೇ ನಿಂತಳು. “ಎಷ್ಟು ಹೊತ್ತು?”

“ಒಂದೂವರೆ ಗಂಟೆ.”

“ಗೊತ್ತಿದ್ದೂ?”

“ಕೈಗೆ ಗೊತ್ತಿತ್ತು. ನನಗೆ…” ಮಾತು ಅಲ್ಲೇ ಬಿಟ್ಟ. “ಇಲ್ಲ. ನನಗೂ ಎಲ್ಲೋ ಒಳಗೆ ಗೊತ್ತಿತ್ತು. ಅಳು ನಿಲ್ಲಲಿ ಅನ್ನಿಸಿತ್ತು.”

ಅವಳು ಒಳಗೆ ಹೋಗಿ ಮಗುವಿನ ಎಡ ತೊಡೆಯ ಮೇಲೆ ಅಂಗೈ ಇಟ್ಟು ಕೂತಳು. ಬೆನ್ನು ಅವನ ಕಡೆಗಿತ್ತು. “ಹೇಳದೇ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ,” ಅಂದಳು.

“ಹೂಂ.”

“ಇನ್ನೊಂದು ಸಲ ಹಾಗನ್ನಿಸಿದ್ರೆ ಅಂಗಾತ ಮಲಗಿಸಿ, ಅಮ್ಮನ್ನ ಎಬ್ಬಿಸಿ, ಹೊರಗೆ ಹೋಗಿ ನಿಂತ್ಕೊಳ್ಳಿ. ಅತ್ರೆ ಅವಳೇನೂ ಒಡೆದುಹೋಗಲ್ಲ ರೀ.” ಕೊನೆಯ ಮಾತಿಗೆ ಧ್ವನಿ ಸ್ವಲ್ಪ ಒಡೆದದ್ದು ಅವಳದೇ. ಆಮೇಲೆ, ಎಂದೂ ಇಲ್ಲದ್ದು, ಅದನ್ನೇ ಎರಡನೇ ಸಲ ಹೇಳಿದಳು. “ಒಡೆದುಹೋಗಲ್ಲ.”

ಉಳಿದ ಎರಡು ವಾರ ಮಗು ಮನಸೋ ಇಚ್ಛೆ ಅತ್ತಿತು. ಅತ್ತೆ ಹೆಗಲ ಮೇಲೆ ಹಾಕಿಕೊಂಡು ಬಾಯಿಗೆ ಬಂದ ಪದ ಕಟ್ಟಿ ಹಾಡಿದರು. ಹಾಡಿನಲ್ಲಿ ಅಳಿಯನ ಚಹಾದ ಬಗ್ಗೆಯೂ ಎರಡು ಸಾಲು ಇದ್ದವು. ಅವನು ಒಂದೂವರೆ ಗಂಟೆಯನ್ನು ಜೇಬಿನಲ್ಲಿಟ್ಟ ಕಲ್ಲಿನಂತೆ ಎಲ್ಲೆಡೆ ಹೊತ್ತು ತಿರುಗಿದ. ಅಷ್ಟರಿಂದ ಏನೂ ಆಗಲಿಕ್ಕಿಲ್ಲ ಅಂತ ಒಮ್ಮೆ, ಅಷ್ಟೇ ಸಾಕಾಯಿತೇನೋ ಅಂತ ಇನ್ನೊಮ್ಮೆ.

ಸ್ಕ್ಯಾನ್ ಕೋಣೆ ನಸುಗತ್ತಲು. ಪರದೆ ಎಳೆದಿದ್ದ ಕಿಟಕಿಯ ಅಂಚಿನಲ್ಲಿ ಮಾತ್ರ ಬಿಸಿಲಿನ ಗೆರೆ. ಮಗುವಿನ ಸೊಂಟಕ್ಕೆ ತಣ್ಣನೆಯ ಲೇಪ ಸವರಿ ಡಾಕ್ಟರ್ ಯಂತ್ರದ ಕೈಯನ್ನು ಮೆಲ್ಲಗೆ ಆಡಿಸಿದರು. ಯಂತ್ರದ ಪರದೆಯ ಮೇಲೆ ಬೂದು ಮೋಡಗಳು ಕೂಡಿದವು, ಚದುರಿದವು. ಆ ಮೋಡದೊಳಗೆ ಒಂದು ದುಂಡು ನೆರಳು.

“ಇದು ಬಲಗಡೆ. ಚೆನ್ನಾಗಿದೆ.”

ಯಂತ್ರದ ಕೈ ಈಚೆಗೆ ಬಂತು. ಮತ್ತೆ ಮೋಡ. ಈ ಸಲ ಡಾಕ್ಟರ್ ಗೆರೆ ಎಳೆದರು, ಅಳತೆ ನೋಡಿದರು, ಅಳಿಸಿ ಇನ್ನೊಮ್ಮೆ ಎಳೆದರು. ಅವನು ಹೆಂಡತಿಯ ಕೈ ಹಿಡಿದಿದ್ದ. ಎಷ್ಟು ಬಿಗಿಯಾಗಿ ಹಿಡಿದಿದ್ದ ಅನ್ನುವುದು ಅವಳು ಬೆರಳು ಬಿಡಿಸಿಕೊಂಡು ಝಾಡಿಸಿದಾಗ ತಿಳಿಯಿತು. ಬಿಡಿಸಿಕೊಂಡವಳು ಮತ್ತೆ ತಾನೇ ಅವನ ಕೈ ಹಿಡಿದಳು.

“ಎಡಗಡೆ,” ಅಂದರು ಡಾಕ್ಟರ್, “ಬಟ್ಟಲಲ್ಲಿ ಕೂತಿದೆ. ಅಲ್ಲಾಡಿಸಿದರೂ ಜಾರ್ತಿಲ್ಲ. ಆದರೆ ಬಟ್ಟಲು ಬಲಗಡೆಯಷ್ಟು ಆಳ ಇನ್ನೂ ಆಗಿಲ್ಲ.”

“ಪಟ್ಟಿ?” ಅವನ ಬಾಯಿಂದ ಅಷ್ಟೇ ಬಂತು.

“ಈಗ ಬೇಡ. ಹೀಗೇ ಮುಂದುವರಿಸಿ. ಆರು ವಾರಕ್ಕೆ ಇನ್ನೊಂದು ಸಲ ನೋಡೋಣ. ಸರಿಹೋಗೋ ದಾರೀಲಿದೆ.”

ಹೊರಗೆ ತೂಕದ ಸಿಸ್ಟರ್ ಮಗುವನ್ನು ಮೇಜಿನ ಮೇಲೆ ಬಿಟ್ಟಿದ್ದರು. ಅದು ಸೊಂಟ ತಿರುಚಿ ಒಂದು ಪಕ್ಕಕ್ಕೆ ಹೊರಳಲು ನೋಡಿ, ಆಗದೆ, ಮತ್ತೆ ಅಂಗಾತ ಬಿದ್ದು ಚಾವಣಿಯನ್ನು ದುರುಗುಟ್ಟಿ ನೋಡಿತು. “ನೋಡಿದ್ರಾ? ಮಗ್ಗುಲಾಗೋಕೆ ಹೊರಟಿದಾಳೆ. ಇವತ್ತಿಂದ ಸುತ್ತೋದು ಬಂದ್,” ಅಂದರು. “ಸುತ್ತಿರೋ ಮಗು ಬೋರಲು ಬಿದ್ರೆ ಎದ್ದುಕೊಳ್ಳೋಕೆ ಕೈ ಸಿಗಲ್ಲ. ಇನ್ನು ಬರೀ ಅಂಗಿ, ಬರೀ ಕೈಕಾಲು.”

“ಬಂದಾ?” ಅವನಿಗೆ ನಿಜವಾಗಿಯೂ ಬೇಸರವಾಯಿತು. “ಈಗ ತಾನೇ ಕಲಿತಿದ್ದೆ ಸಿಸ್ಟರ್.”

“ಎರಡನೇದಕ್ಕೆ ಬಾ,” ಅಂದರು ಸಿಸ್ಟರ್.

“ಇವರ ಮಾತು ಕೇಳಬೇಡಿ,” ಅಂದಳು ಹೆಂಡತಿ ಗಂಡನಿಗೆ.

ವಾಪಸು ಬರುವ ಬಸ್ಸು ಖಾಲಿಯಿತ್ತು. ಹೆಂಡತಿ ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೋದಳು. ರಸ್ತೆ ಬದಿಯ ಮರಗಳ ನೆರಳು ಅವಳ ಮುಖದ ಮೇಲೆ ಬಂದು ಬಂದು ಹೋಗುತ್ತಿತ್ತು. ಮಗು ಅವನ ಮಡಿಲಲ್ಲಿ, ಬರೀ ಅಂಗಿಯಲ್ಲಿ, ಅವನ ಕಡೆ ಮುಖ ಮಾಡಿ ಮಲಗಿತ್ತು. ಎಚ್ಚರವಿತ್ತು, ಅಳುತ್ತಿರಲಿಲ್ಲ. ಅವನು ಕಾಯುತ್ತಿದ್ದ. ಇನ್ನೂ ಆರು ವಾರ ಕಾಯಬೇಕು, ಕಾಯುವುದೇ ಒಂದು ಕೆಲಸ ಅಂತ ಅಂದುಕೊಳ್ಳುವಷ್ಟರಲ್ಲಿ ಎಡಗಾಲು ಮಡಚಿಕೊಂಡು, ಗುರಿಯಿಟ್ಟವರಂತೆ ಒಂದು ಕ್ಷಣ ನಿಂತು, ಅವನ ಹೊಟ್ಟೆಗೆ ಫಟ್ಟನೆ ಒದೆಯಿತು.

ಊಟ ಮಾಡದ ಹೊಟ್ಟೆ, ಚೆನ್ನಾಗೇ ತಗುಲಿತು. ಅವನು ಸ್ವಲ್ಪ ಹಿಂದೆ ಸರಿದು ಕೂತು, ಇನ್ನೊಂದು ಒದೆತಕ್ಕೆ ಜಾಗ ಮಾಡಿಕೊಟ್ಟ.